ಎಂ240ಗೆ 21 ಎಂಎಂ: ಸೂಪರ್-ಎಲ್ಮಾರ್ ಬೇಕೇ, ಫೋಕ್ಟ್‌ಲೆಂಡರ್ ಸಾಕೇ?

ಲೈಕಾ ಎಂ240 ಡಿಜಿಟಲ್ ಕ್ಯಾಮೆರಾಗೆ ಲೈಕಾದ್ದೇ 21 ಎಂಎಂ ವೈಡ್ ಲೆನ್ಸ್ ಸೂಪರ್-ಎಲ್ಮಾರ್ ಎಫ್/3.4 ಕೊಳ್ಳಬೇಕಾ, ಇಲ್ಲ ಕಡಿಮೆ ಬೆಲೆಯ ಫೋಕ್ಟ್‌ಲೆಂಡರ್ ಕಲರ್-ಸ್ಕೋಪಾರ್ ಸಾಕಾ ಅಂತ ಕೇಳಿದ್ದೀರಿ. ಮೊದಲು ಯಾವ ಸ್ಕೋಪಾರ್ ಅಂತ ನೋಡಿ, ಅದೇ ಮುಖ್ಯ. ಹಳೆಯ ಎಫ್/4 ಸ್ಕೋಪಾರ್ ಫಿಲ್ಮ್ ಕ್ಯಾಮೆರಾಗಳಿಗೆ ಅಂತ ಮಾಡಿದ್ದು. ಅದರ ಹಿಂಬದಿಯ ಗಾಜು ಸೆನ್ಸರ್‌ಗೆ ತುಂಬಾ ಹತ್ತಿರ ಕೂರುತ್ತದೆ, ಹಾಗಾಗಿ ಅಂಚಿನಲ್ಲಿ ಬೆಳಕು ತೀರಾ ಓರೆಯಾಗಿ ಬೀಳುತ್ತದೆ, ಫಿಲ್ಮ್‌ನಲ್ಲಿ ಗೊತ್ತೇ ಆಗದಿದ್ದದ್ದು ಡಿಜಿಟಲ್‌ನಲ್ಲಿ ಕೆಂಪು-ನೇರಳೆ ಛಾಯೆಯಾಗಿ ಎದ್ದು ಕಾಣುತ್ತದೆ. ಕಪ್ಪು-ಬಿಳುಪು ಮಾತ್ರ ತೆಗೆಯುವವರಾದರೆ ಪರವಾಗಿಲ್ಲ. ಬಣ್ಣಕ್ಕೆ ಬೇಡ.

ಹೊಸ ಎಫ್/3.5 ಸ್ಕೋಪಾರ್‌ನಲ್ಲಿ ಈ ಕಾಟ ಬಹಳ ಕಡಿಮೆ, ಮೂಲೆಗಳು ಮಾತ್ರ ಸ್ವಲ್ಪ ಕಪ್ಪಾಗುತ್ತವೆ. ಬೀದಿ, ಜನ, ಪ್ರವಾಸ ಅಂದರೆ ನಾನು ಇದನ್ನೇ ಹೇಳುತ್ತೇನೆ. ಸೂಪರ್-ಎಲ್ಮಾರ್ ಅಪರ್ಚರ್ (ಬೆಳಕು ಬಿಡುವ ರಂಧ್ರ) ಪೂರ್ತಿ ತೆರೆದಾಗಲೇ ಮೂಲೆವರೆಗೂ ಚೂಪಾಗಿರುತ್ತದೆ, ನಿಜವಾಗಿಯೂ ಅದ್ಭುತ ಲೆನ್ಸ್, ಆದರೆ ಕಟ್ಟಡಗಳ ಫೋಟೋ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸದಿದ್ದರೆ ಸುಮ್ನೆ ಅಷ್ಟು ಜಾಸ್ತಿ ದುಡ್ಡು ಯಾಕೆ?

ಕ್ಯಾಮೆರಾದ ಕಿಂಡಿಯಲ್ಲಿ ಚಿತ್ರದ ಎಲ್ಲೆ ತೋರಿಸುವ ಫ್ರೇಮ್ ಗೆರೆಗಳು 28 ಎಂಎಂಗೇ ಮುಗಿಯುತ್ತವೆ ಅಲ್ವಾ, ಹಾಗಾಗಿ ಯಾವುದನ್ನು ಕೊಂಡರೂ ಕ್ಯಾಮೆರಾ ಮೇಲೆ ಕೂರಿಸುವ ಹೊರಗಿನ ಫೈಂಡರ್ ಅಥವಾ ಪರದೆಯಲ್ಲಿ ನೋಡುವ ಲೈವ್ ವ್ಯೂ ಬೇಕು. ಫೋಕ್ಟ್‌ಲೆಂಡರ್‌ನಲ್ಲಿ 6-ಬಿಟ್ ಕೋಡ್ (ಯಾವ ಲೆನ್ಸ್ ಅಂತ ಕ್ಯಾಮೆರಾಗೆ ತಿಳಿಸುವ ಗುರುತು) ಇರುವುದಿಲ್ಲ. ಹಾಗಾಗಿ ಮೆನುವಿನಲ್ಲಿ ಲೈಕಾದ ಯಾವುದಾದರೂ 21 ಎಂಎಂ ಲೆನ್ಸ್ ಆರಿಸಿ, ಅಂಚಿನ ಬಣ್ಣ ನೋಡಿ ಹೊಂದುವುದನ್ನು ಇಟ್ಟುಕೊಳ್ಳಿ.