ನೋಡದ ಪುಸ್ತಕಕ್ಕೆ ಅಡಿಟಿಪ್ಪಣಿ

ಮಾನ್ಯರೇ,

ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯ ಹಾಡುಗಳ ಕುರಿತು ನೀವು ಕಳುಹಿಸಿದ ಸಂಶೋಧನ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ವಿಷಯದಲ್ಲಿ ಹುರುಳಿಲ್ಲವೆಂದಲ್ಲ, ಅಡಿಟಿಪ್ಪಣಿಗಳನ್ನು ನಂಬುವಂತಿಲ್ಲ.

ನಡಿಕೇರಿಯಂಡ ಚಿಣ್ಣಪ್ಪನವರ ಕೊಡವ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ಯನ್ನು ನೀವು ಏಳು ಕಡೆ ಉಲ್ಲೇಖಿಸಿ, ಏಳು ಕಡೆಯೂ ಪ್ರಕಟಣೆಯ ವರ್ಷವನ್ನು 1942 ಎಂದು ಬರೆದಿದ್ದೀರಿ. ಆ ಪುಸ್ತಕ ಬಂದದ್ದು 1924ರಲ್ಲಿ. ಅಂಕಿಗಳ ಇದೇ ಅದಲುಬದಲು ನೀವು ಬಳಸಿರುವ ಸ್ಮರಣ ಸಂಚಿಕೆಯೊಂದರ ಇಂಗ್ಲಿಷ್ ಲೇಖನದಲ್ಲೂ ಇದೆ. ಅಲ್ಲಿನ ಅಚ್ಚಿನ ತಪ್ಪು ಹಾಗೆಯೇ ನಿಮ್ಮಲ್ಲಿಗೆ ದಾಟಿದೆ. ಅದಕ್ಕಿಂತ ಬೇಸರ ತಂದದ್ದು ನಾಲ್ಕನೆಯ ಪುಟದ ಹಾಡು. ಮೂಲದಲ್ಲಿ ಹಾಡುಗಳು ಕೊಡವ ತಕ್ಕಿನಲ್ಲಿ (ಕೊಡವ ಭಾಷೆಯಲ್ಲಿ), ಕನ್ನಡ ಲಿಪಿಯಲ್ಲೇ ಇರುವಾಗ, ನೀವು ಆ ಲೇಖನದ ಇಂಗ್ಲಿಷ್ ಸಾಲುಗಳನ್ನು ಕನ್ನಡಕ್ಕೆ ತಿರುಗಿಸಿ, ಉದ್ಧರಣ ಚಿಹ್ನೆಯೊಳಗಿಟ್ಟು, ಕೆಳಗೆ ಚಿಣ್ಣಪ್ಪನವರ ಹೆಸರು ಹಾಕಿದ್ದೀರಿ. ಆ ಸಾಲುಗಳು ಅವರವಲ್ಲ, ನಿಮ್ಮವು.

ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯದ ಹಳೆಯ ಪ್ರತಿ ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟವೆಂದು ಬಲ್ಲೆ (ನನ್ನ ಪ್ರತಿಯ ಕೊನೆಯ ಹಾಳೆಗಳೂ ಅಂಟಿಕೊಂಡಿವೆ). ಮೂಲ ಸಿಗದಿದ್ದಾಗ ಇನ್ನೊಬ್ಬರ ಬರಹದ ಮೂಲಕ ಅದನ್ನು ಉಲ್ಲೇಖಿಸುವುದು ತಪ್ಪೇನಲ್ಲ. ಅಮೆರಿಕದ ಮನೋವಿಜ್ಞಾನ ಸಂಘದ (ಎಪಿಎ) ಉಲ್ಲೇಖ ಪದ್ಧತಿಯೂ ಮಿತವಾಗಿ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಲೇಖನದ ಒಡಲಲ್ಲಿ ಮೂಲ ಲೇಖಕರ ಹೆಸರು ಹೇಳಿ, ‘ಇಂಥವರ ಲೇಖನದಲ್ಲಿ ಉದ್ಧೃತ’ ಎಂದು ಸೂಚಿಸಿ, ಕೊನೆಯ ಆಕರ ಪಟ್ಟಿಯಲ್ಲಿ ನೀವು ಓದಿದ ಬರಹವನ್ನು ಮಾತ್ರ ಸೇರಿಸಬೇಕು. ‘ಪಟ್ಟೋಲೆ ಪಳಮೆ’ಗೆ 2003ರಲ್ಲಿ ಬಂದ ಇಂಗ್ಲಿಷ್ ಅನುವಾದವನ್ನು ಓದಿದ್ದರೆ ಅನುವಾದವನ್ನೇ ಹೆಸರಿಸಿ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಕೊಡವರ ಧರ್ಮ, ಸಮಾಜಗಳ ಬಗ್ಗೆ ಬರೆದ 1952ರ ಗ್ರಂಥವನ್ನು ಎಲ್ಲೆಡೆಯೂ ದ್ವಿತೀಯಕ ಆಕರವೆಂದೇ ಎಣಿಸಿದ್ದೂ ಸರಿಯಲ್ಲ. ಅವರು ಹಿಂದಿನವರಿಂದ ಪಡೆದ ಸಂಗತಿಗಳ ಮಟ್ಟಿಗೆ ಅದು ದ್ವಿತೀಯಕ. ಸಂಸ್ಕೃತೀಕರಣವನ್ನು (ಕೆಳಗಿನ ಜಾತಿಗಳು ಮೇಲಿನವರ ಆಚಾರಗಳನ್ನು ಅನುಸರಿಸುವುದನ್ನು) ಚರ್ಚಿಸುವಾಗ, ಆ ಪರಿಕಲ್ಪನೆ ಅವರದೇ ಆದ್ದರಿಂದ, ಅದೇ ಮೂಲ. ವಿಚಿತ್ರವೆಂದರೆ, ಅಲ್ಲಿಯೇ ನೀವು ಆ ಗ್ರಂಥವನ್ನು ಬಿಟ್ಟು ಯಾವುದೋ ಪಠ್ಯಪುಸ್ತಕದ ಸಾರಾಂಶಕ್ಕೆ ಜೋತುಬಿದ್ದಿದ್ದೀರಿ.

ಹಬ್ಬದ ದಿನ ಗೊತ್ತುಮಾಡುವ ಬಗೆಗೆ ಕೊಟ್ಟ ಮೂರು ಆಕರಗಳೂ ರಿಕ್ಟರ್ ಕೊಡಗಿನ ಬಗ್ಗೆ ಬರೆದ 1870ರ ಕೈಪಿಡಿಯನ್ನೇ ಆಧರಿಸಿವೆ. ಹೆಸರು ಮೂರು, ಸಾಕ್ಷಿ ಒಂದೇ.

ಕದಿರು ಕೊಯ್ದು ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾ ಐನ್‌ಮನೆಗೆ (ಕುಲದ ಮೂಲಮನೆಗೆ) ತರುವ ಕ್ರಮವನ್ನು ನಿಮ್ಮ ಒಕ್ಕದ (ಕುಲದ) ಹಿರಿಯರೊಬ್ಬರು ವಿವರಿಸಿದ ಒಂದೂವರೆ ಪುಟ ನನಗೆ ಬಹಳ ಹಿಡಿಸಿತು. ಬೇರೆ ಯಾರಲ್ಲೂ ಸಿಗದ ಈ ಭಾಗಕ್ಕೆ ಒಂದು ಟಿಪ್ಪಣಿಯೂ ಇಲ್ಲ! ಅವರ ಒಪ್ಪಿಗೆ ಪಡೆದು, ಮಾತುಕತೆ ನಡೆದ ಸ್ಥಳವನ್ನೂ ದಿನಾಂಕವನ್ನೂ ನಮೂದಿಸಿ. ಉಳಿದ ಟಿಪ್ಪಣಿಗಳಲ್ಲಿ ನೀವು ಕಣ್ಣಾರೆ ಕಂಡ ಪುಸ್ತಕಗಳಿಗೆ ಕೆಂಪು ಶಾಯಿಯ ಗುರುತು ಹಾಕಿ ಹಸ್ತಪ್ರತಿಯನ್ನು ಮತ್ತೆ ಕಳುಹಿಸಿ. ಗುರುತಿಲ್ಲದವನ್ನು ಒಂದು ದಿನ ಕೂತು ನೋಡೋಣ.

ಇತಿ,
ಸಂಪಾದಕ, ಮಡಿಕೇರಿ