ಕ್ಯಾಡ್ಮಿಯಂ ಒಂದೇ, ಫಲಿತಾಂಶ ಮಾತ್ರ ವಾರಕ್ಕೊಂದು

ಪ್ರಶ್ನೆ: ಹೆಪ್‌ಜಿ2 ಯಕೃತ್ ಕೋಶಗಳಿಗೆ 24 ಗಂಟೆ ಕ್ಯಾಡ್ಮಿಯಂ ಕ್ಲೋರೈಡ್ ಕೊಟ್ಟು, ಎಷ್ಟು ಬದುಕಿವೆ ಎಂದು ಬಣ್ಣದಿಂದ ಅಂದಾಜಿಸುವ ಎಂಟಿಟಿ ಪರೀಕ್ಷೆ ಮಾಡುತ್ತಿದ್ದೇನೆ. 20 ಮೈಕ್ರೋಮೋಲಾರ್‌ಗೆ ಒಂದು ವಾರ ಅರ್ಧಕ್ಕರ್ಧ ಕೋಶ ಸಾಯುತ್ತವೆ, ಇನ್ನೊಂದು ವಾರ ಏನೂ ಆಗುವುದಿಲ್ಲ. ತಪ್ಪೆಲ್ಲಿ?

ಉತ್ತರ: ಕೋಶ ಬೆಳೆಸುವ ದ್ರವದಲ್ಲಿ, ಅಂದರೆ ಮೀಡಿಯಂನಲ್ಲಿ, ಸೀರಮ್ (ರಕ್ತದಿಂದ ತೆಗೆದ ದ್ರವ) ಎಷ್ಟಿತ್ತೆಂದು ನೀವು ಬರೆದಿಲ್ಲ. ಮೊದಲ ಅನುಮಾನ ಅದರ ಮೇಲೆಯೇ. ಸೀರಮ್‌ನ ಆಲ್ಬುಮಿನ್ ಎಂಬ ಪ್ರೋಟೀನ್ ಕ್ಯಾಡ್ಮಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಸುಲಭವಾಗಿ ಕೋಶದೊಳಗೆ ಹೋಗುವುದು ಬಿಡಿಯಾಗಿ ಉಳಿದ ಅಯಾನು. ಶೇ 10 ಸೀರಮ್‌ನಲ್ಲಿನ 20, ಶೇ 1ರಲ್ಲಿನ 20 ಕೋಶದ ಪಾಲಿಗೆ ಬೇರೆ ಬೇರೆ ಡೋಸ್.

ಎರಡನೆಯದು ತೂಕ. ಬಾಟಲಿಯಲ್ಲಿ ನೀರಿಲ್ಲದ ಲವಣವಿದ್ದರೆ ಅಣುತೂಕ 183.3, ಪ್ರತಿ ಅಣುವಿಗೆ ಎರಡೂವರೆ ನೀರಿನಣು ಸೇರಿದ್ದಾದರೆ 228.4. ಲೇಬಲ್ ಓದದೆ ತೂಗಿದರೆ ಸುಮಾರು ಶೇ 20 ವ್ಯತ್ಯಾಸ ಅಲ್ಲೇ ಬಂತು. 10 ಮಿಲಿಮೋಲಾರ್ ಸ್ಟಾಕ್‌ಗೆ (ಆಮೇಲೆ ತೆಳುಮಾಡಿ ಬಳಸುವ ಗಾಢ ದ್ರಾವಣ) ನೀರಿರುವ ಲವಣ 22.8 ಮಿಲಿಗ್ರಾಂ, ಶುದ್ಧ ನೀರು 10 ಮಿಲಿಲೀಟರ್ ಬೇಕು. ಫಾಸ್ಫೇಟ್ ಇರುವ ಉಪ್ಪುನೀರಾದ ಪಿಬಿಎಸ್‌ನಲ್ಲಿ ಕರಗಿಸಬೇಡಿ, ಫಾಸ್ಫೇಟ್ ಜೊತೆ ಸೇರಿ ತಳಕ್ಕೆ ಕೂರುತ್ತದೆ.

ಒಳಹೊಕ್ಕ ಕ್ಯಾಡ್ಮಿಯಂ ಗಂಧಕವಿರುವ ಥಯಾಲ್ ಗುಂಪುಗಳಿಗೆ ಅಂಟಿಕೊಂಡು ಕೋಶವನ್ನು ಕಾಪಾಡುವ ಗ್ಲುಟಾಥಯೋನ್ ಅನ್ನು ಖಾಲಿ ಮಾಡುತ್ತದೆ, ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಕೆಡುತ್ತವೆ. ಕೋಶವೂ ಸುಮ್ಮನಿರುವುದಿಲ್ಲ, ಮೆಟಾಲೊಥಯೊನೀನ್ ಎಂಬ ಪ್ರೋಟೀನ್ ತಯಾರಿಸುತ್ತದೆ. ಅದರ ಒಂದು ಅಣು ಏಳು ಕ್ಯಾಡ್ಮಿಯಂ ಅಯಾನುಗಳನ್ನು ಕಟ್ಟಿಹಾಕಬಲ್ಲದು. ಮೊದಲೇ ಸತು ಅಥವಾ ಅಲ್ಪ ಕ್ಯಾಡ್ಮಿಯಂ ಕಂಡ ಕೋಶಗಳು ಹೀಗೆ ಗಟ್ಟಿಯಾಗಿರುತ್ತವೆ. ಹಾಗಾಗಿ ಹಳೆಯ ಪ್ರಯೋಗದಲ್ಲಿ ಬದುಕುಳಿದವನ್ನು ಮತ್ತೆ ಬಳಸಬೇಡಿ.

ಹೆಪ್‌ಜಿ2 ಗುಂಪುಗಟ್ಟುವ ಜಾತಿ. ಕೋಶಗಳನ್ನು ತಳದಿಂದ ಬಿಡಿಸುವ ಕಿಣ್ವವಾದ ಟ್ರಿಪ್ಸಿನ್ ನಂತರ ಚೆನ್ನಾಗಿ ಬಿಡಿಸಿ, ಎಣಿಸಿ, ಪ್ಲೇಟಿನ ಪ್ರತಿ ಗುಳಿಗೆ, ಅಂದರೆ ವೆಲ್‌ಗೆ, 10,000 ಕೋಶಗಳಂತೆ 100 ಮೈಕ್ರೋಲೀಟರ್‌ನಲ್ಲಿ ಹಾಕಿ, ಒಂದು ದಿನ ಕೂರಲು ಬಿಟ್ಟು ಡೋಸ್ ಕೊಡಿ. 96 ವೆಲ್ ಪ್ಲೇಟಿನ ಅಂಚಿನ 36 ವೆಲ್‌ಗಳಲ್ಲಿ ಬರೀ ನೀರು ತುಂಬಿಡಿ. ಅಲ್ಲಿ ಮೀಡಿಯಂ ಬೇಗ ಆವಿಯಾಗಿ ಲೆಕ್ಕ ತಪ್ಪಿಸುತ್ತದೆ.

ಎಂಟಿಟಿ ಅಳೆಯುವುದು ಸಾವನ್ನಲ್ಲ, ಬಣ್ಣವನ್ನು ನೇರಳೆಯಾಗಿಸುವ ಚಯಾಪಚಯವನ್ನು. ಕೋಶಗಳು ಸಾಯದೆ ಬರೀ ನಿಧಾನವಾದರೂ ಅಂಕಿ ಇಳಿಯುತ್ತದೆ. ಪಕ್ಕದಲ್ಲಿ ನ್ಯೂಟ್ರಲ್ ರೆಡ್ (ಬದುಕಿದ ಕೋಶ ಹೀರುವ ಬಣ್ಣ) ಅಥವಾ ಎಲ್‌ಡಿಎಚ್ (ಒಡೆದ ಕೋಶದಿಂದ ಸೋರುವ ಕಿಣ್ವ) ಪರೀಕ್ಷೆ ಇಟ್ಟುಕೊಳ್ಳಿ. ಕ್ಯಾಡ್ಮಿಯಂ ತಾನೇ ಬಣ್ಣವನ್ನು ಕೆಡಿಸುತ್ತದೆಯೇ ಎಂದು ತಿಳಿಯಲು ಕೋಶವಿಲ್ಲದ, ಕ್ಯಾಡ್ಮಿಯಂ ಮತ್ತು ಎಂಟಿಟಿ ಮಾತ್ರ ಇರುವ ಮೂರು ವೆಲ್‌ಗಳೂ ಇರಲಿ.

ಬಳಸಿದ ಮೀಡಿಯಂ ಅನ್ನು ಸಿಂಕಿಗೆ ಸುರಿಯಬೇಡಿ. ಬ್ಲೀಚ್ ಹಾಕಿದರೆ ಸೂಕ್ಷ್ಮಜೀವಿ ಸಾಯಬಹುದು, ಕ್ಯಾಡ್ಮಿಯಂ ಎಲ್ಲಿಗೂ ಹೋಗುವುದಿಲ್ಲ. ಲೋಹದ ತ್ಯಾಜ್ಯಕ್ಕೇ ಬೇರೆ ಬಾಟಲಿ ಇಡಿ.