ಗಾಳಿ ತಿರುಗಿದರೆ ವಿಮಾನವೂ ತಿರುಗುತ್ತದೆ

ಪ್ರಶ್ನೆ: ದೇವನಹಳ್ಳಿ ವಿಮಾನ ನಿಲ್ದಾಣದ ಪಶ್ಚಿಮಕ್ಕೆ 8 ಕಿ.ಮೀ. ದೂರದಲ್ಲಿ ಮನೆ ಕಟ್ಟಿದ್ದೇವೆ. ಆಗಸ್ಟ್‌ನಲ್ಲಿ ಸೈಟ್ ನೋಡಿದಾಗ ಅಷ್ಟೇನೂ ಸದ್ದಿರಲಿಲ್ಲ. ಜನವರಿಯಲ್ಲಿ ತಲೆ ಮೇಲೇ ವಿಮಾನ. ದಾರಿ ಬದಲಿಸಿದರಾ?

ಉತ್ತರ: ಚಳಿಗಾಲ ಬಂತೆಂದರೆ ಇದೇ ಪ್ರಶ್ನೆ, ಬಡಾವಣೆ ಹೆಸರು ಮಾತ್ರ ಬೇರೆ. ಬದಲಾಗಿದ್ದು ಗಾಳಿ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಇಲ್ಲಿನ ಎರಡೂ ರನ್‌ವೇ ಪೂರ್ವ–ಪಶ್ಚಿಮವಾಗಿವೆ. ಮುಂಗಾರಿನಲ್ಲಿ ಪಡುವಣ ಗಾಳಿ, ಹಾಗಾಗಿ ವಿಮಾನಗಳು ನಿಮ್ಮ ಕಡೆಗೆ ಏರುತ್ತವೆ. ಏರಿದ್ದು ಬೇಗ ಎತ್ತರಕ್ಕೆ ಹೋಗಿ, ತನ್ನ ದಿಕ್ಕು ಹಿಡಿದು ತಿರುಗಿಬಿಡುತ್ತದೆ. ಚಳಿಗಾಲದಲ್ಲಿ ಮೂಡಗಾಳಿ. ಆಗ ಇಳಿಯುವವೆಲ್ಲ ನಿಮ್ಮ ಕಡೆಯಿಂದಲೇ, ಒಂದರ ಹಿಂದೊಂದು, ನೇರ ಗೆರೆಯಲ್ಲಿ ಬರುತ್ತವೆ. ಇಳಿಯುವ ಕೋನ ಸಾಮಾನ್ಯವಾಗಿ 3 ಡಿಗ್ರಿ. ಅಂದರೆ ನಿಮ್ಮಲ್ಲಿ ಎತ್ತರ 430 ಮೀಟರ್ ಆಸುಪಾಸು ಅಷ್ಟೇ. ಫ್ಲಾಪ್ (ರೆಕ್ಕೆಯ ಹಿಂಬದಿಯಿಂದ ಚಾಚುವ ಹಲಗೆ), ಚಕ್ರ ಹೊರಗೆ ಬಂದಾಗ ಅವಕ್ಕೆ ಗಾಳಿ ಬಡಿದೇ ಜಾಸ್ತಿ ಸದ್ದಾಗುತ್ತದೆ, ಎಂಜಿನ್ನಿನದು ಬೇರೆ.

ಇನ್ನೂ ಸೈಟ್ ಹುಡುಕುತ್ತಿರುವವರು ಆಗಸ್ಟ್‌ನಲ್ಲೊಮ್ಮೆ, ಜನವರಿಯಲ್ಲೊಮ್ಮೆ ಹೋಗಿ ನೋಡಿ, ಅದೂ ರಾತ್ರಿ ಹೊತ್ತು. ‘ರೂಟ್ ಆ ಕಡೆ ಹಾಕ್ತಾರೆ ಸಾರ್’ ಅನ್ನುವ ಬ್ರೋಕರ್‌ಗೆ ಗಾಳಿ ತಿರುಗಿಸೋಕೆ ಬರುತ್ತಾ ಕೇಳಿ.

ನಿಮ್ಮದು ಕಟ್ಟಿಯಾಗಿದೆ. ಮೊದಲು ಕಿಟಕಿ ನೋಡಿ. ಸ್ಲೈಡಿಂಗ್ ಕಿಟಕಿಯ ಚೌಕಟ್ಟಿನ ಸಂದಿಗೆ ಕೈ ಹಿಡಿದರೆ ತಣ್ಣಗೆ ಗಾಳಿ ತಾಗುತ್ತದಲ್ವಾ? ಸದ್ದಿಗೂ ಅದೇ ದಾರಿ. ಮಲಗುವ ಕೋಣೆಗಾದರೂ ಬಾಗಿಲಿನಂತೆ ತೆರೆಯುವ, ಸುತ್ತ ರಬ್ಬರ್ ಗ್ಯಾಸ್ಕೆಟ್ ಇರುವ ಕಿಟಕಿ ಮಾಡಿಸಿ, ಲ್ಯಾಮಿನೇಟೆಡ್ ಗಾಜು (ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವಂಥದ್ದು) ಹಾಕಿಸಿ. ಎಸಿ ಪೈಪ್ ಸುತ್ತಲಿನ ತೂತು ಮುಚ್ಚಿಸಿ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧ ಆದಂತೆ. ಆದರೆ ಎಲ್ಲ ಬಿಗಿ ಮಾಡಿಕೊಂಡು ಉಸಿರುಕಟ್ಟಿ ಮಲಗಬೇಡಿ, ಹೊಸ ಗಾಳಿಗೆ ವ್ಯವಸ್ಥೆ ಮೊದಲೇ ಯೋಚಿಸಿ. ಪೂರ್ತಿ ನಿಶ್ಶಬ್ದ ಮಾಡಿಕೊಡ್ತೀನಿ ಅಂದವನಿಗೆ ಅಡ್ವಾನ್ಸ್ ಕೊಡಬೇಡಿ.

ಪ್ರಶ್ನೆ: ಕಾಂಪೌಂಡ್ ಸುತ್ತ ಮರ ಬೆಳೆಸಿದರೆ?

ಉತ್ತರ: ನೆರಳಿಗೆ ಒಳ್ಳೆಯದು. ಸದ್ದು ಬರೋದು ಮೇಲಿಂದ.

ಪ್ರಶ್ನೆ: ಗೋಡೆಗೆ ಮೊಟ್ಟೆ ಟ್ರೇ ಅಂಟಿಸಬಹುದಾ?

ಉತ್ತರ: ಬೇಡ. ಹೊರಗಿನ ಸದ್ದು ಅದರಿಂದ ನಿಲ್ಲಲ್ಲ, ಬೆಂಕಿ ಮಾತ್ರ ಬೇಗ ಹತ್ತುತ್ತದೆ.

ಪ್ರಶ್ನೆ: ಮೊಬೈಲ್ ಆ್ಯಪ್‌ನಲ್ಲಿ 82 ಡೆಸಿಬೆಲ್ ಬಂತು. ಕೇಸ್ ಹಾಕಲಾ?

ಉತ್ತರ: ಕೇಂದ್ರ ಸರ್ಕಾರದ 2018ರ ನಿಯಮದಲ್ಲಿ ದಟ್ಟಣೆಯ ವಿಮಾನ ನಿಲ್ದಾಣದ ಸದ್ದಿನ ವಲಯಕ್ಕೆ ಹಗಲು 70, ರಾತ್ರಿ 65 ಡೆಸಿಬೆಲ್ ಮಿತಿ ಇದೆ. ಅದು ಇಡೀ ಹಗಲಿನ, ಇಡೀ ರಾತ್ರಿಯ ಸರಾಸರಿ. ಒಂದು ವಿಮಾನ ಹಾದುಹೋದಾಗ ಫೋನ್ ತೋರಿಸಿದ ಅಂಕಿ ಹಿಡಿದು ಹೋದರೆ ವಕೀಲರ ಫೀಸ್ ದಂಡ. ಅಳತೆ ಸರಿಯಿದೆಯೆಂದು ಪರೀಕ್ಷಿಸಿದ (ಕ್ಯಾಲಿಬ್ರೇಟ್ ಮಾಡಿದ) ಸಾಧನದಲ್ಲಿ ರಾತ್ರಿಯಿಡೀ ಅಳೆಸಿ, ಆಮೇಲೆ ನೋಡೋಣ.